ದೊರೆಯ ಮತ, ದತ್ತಿಯ ಗದ್ದೆ

ಬಿಟ್ಟಿದೇವ ಜೈನನಾಗಿದ್ದ, ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನ ಎನಿಸಿಕೊಂಡ, ಅಲ್ಲಿಂದ ಮುಂದೆ ಹೊಯ್ಸಳ ನಾಡಿನಲ್ಲಿ ಬಸದಿಗಳ ಕಾಲ ಮುಗಿದು ವಿಷ್ಣು ದೇಗುಲಗಳ ಕಾಲ ಮೊದಲಾಯಿತು. ಹಾಸನ ಸೀಮೆಯ ಧರ್ಮದ ಇತಿಹಾಸವನ್ನು ನಾವು ಕೇಳುತ್ತ ಬಂದಿರುವುದು ಹೀಗೆ. ಈ ಕಥೆಯ ಹಿಂದೆ ಒಂದು ದೊಡ್ಡ ನಂಬಿಕೆ ಅಡಗಿದೆ: ದೊರೆ ಯಾವ ಮತಕ್ಕೆ ತಿರುಗುತ್ತಾನೋ ನಾಡೂ ಅದೇ ಕಡೆಗೆ ತಿರುಗುತ್ತದೆ ಎಂಬುದು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತನಾದದ್ದರಿಂದ ಯುರೋಪು ಕ್ರೈಸ್ತವಾಯಿತು, ಸುಲ್ತಾನರ ಕತ್ತಿಯಿಂದ ಬಂಗಾಳ ಮುಸ್ಲಿಮಾಯಿತು ಎಂದು ಹೇಳುವಾಗಲೂ ಕೆಲಸ ಮಾಡುವುದು ಇದೇ ನಂಬಿಕೆ. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲೂಕುಗಳ ಕಲ್ಲುಗಳು ಬೇರೆಯದನ್ನೇ ಹೇಳುತ್ತವೆ ಎಂಬುದು ನನ್ನ ವಾದ. ಒಂದು ಮತ ಇಲ್ಲಿ ಬೇರು ಬಿಟ್ಟದ್ದು, ನೆಲದ ಹುಟ್ಟುವಳಿಯಲ್ಲಿ ಒಂದು ಪಾಲನ್ನು ಬೇಕಾದವರಿಗೆ ಬಿಟ್ಟುಕೊಡುವ ಅಧಿಕಾರವಿದ್ದ ವರ್ಗದ ಆಸರೆಯಿಂದ. ಆ ವರ್ಗ ಬದಲಾದಾಗ ಮತದ ಹಬ್ಬುವಿಕೆಯೂ ದಾರಿ ಬದಲಿಸಿತು. ಆ ವರ್ಗದ ಅಂಗಳ ಎಲ್ಲಿಗೆ ಮುಗಿಯುತ್ತಿತ್ತೋ ಮತದ ವಿಸ್ತಾರವೂ ಅಲ್ಲಿಗೇ ನಿಂತಿತು.

ಮೊದಲು ವಿಷ್ಣುವರ್ಧನನನ್ನೇ ನೋಡೋಣ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಮೇಲೆ ಆತ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಹೆಸರೇ ಹೇಳುವಂತೆ ಅದು ಗೆಲುವಿನ ದೇವರು. ಆ ಗೆಲುವನ್ನು ರಣರಂಗದಲ್ಲಿ ಸಂಪಾದಿಸಿ ಕೊಟ್ಟ ದಂಡನಾಯಕ ಗಂಗರಾಜ ಮಾತ್ರ ನಿಷ್ಠಾವಂತ ಜೈನ. ಶ್ರವಣಬೆಳಗೊಳದ ಗೊಮ್ಮಟನ ಸುತ್ತಾಲಯ ಕಟ್ಟಿಸಿದವನು ಅವನೇ. ಚಾಲುಕ್ಯರ ಸೈನ್ಯವನ್ನು ಸೋಲಿಸಿ ಬಂದಾಗ ದೊರೆ ಬೇಕಾದ್ದು ಕೇಳು ಎಂದರೆ ಗಂಗರಾಜ ಕೇಳಿದ್ದು ಪರಮ ಎಂಬ ಊರನ್ನು. ಪಡೆದದ್ದನ್ನು ತನ್ನ ತಾಯಿಯೂ ಹೆಂಡತಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟ. ರಾಣಿ ಶಾಂತಲೆಯ ತಂದೆ ಶೈವ, ತಾಯಿ ಜೈನಳು. ಬೇಲೂರಿನಲ್ಲಿ ಚನ್ನಿಗರಾಯನ ಗುಡಿಯನ್ನು ಮಾಡಿಸಿದ ಶಾಂತಲೆಯೇ 1123ರ ಹೊತ್ತಿಗೆ ಬೆಳಗೊಳದ ಚಿಕ್ಕಬೆಟ್ಟದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. ಇನ್ನು ವೈಷ್ಣವನಾದನೆಂದು ಹೇಳುವ ದೊರೆ? ಗಂಗರಾಜನ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿ ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನಿಗೆ ಕಳಿಸಿದ. ಅದೇ ಸಮಯಕ್ಕೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಅರಸನಿಗೆ ಗಂಡುಮಗುವೂ ಹುಟ್ಟಿತ್ತು. ವಿಷ್ಣುವರ್ಧನ ಪ್ರಸಾದವನ್ನು ಭಕ್ತಿಯಿಂದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ಬೇಲೂರಿನ ಪ್ರತಿಷ್ಠೆಯಾಗಿ 16 ವರ್ಷಗಳ ಮೇಲೆ ನಡೆದ ಸಂಗತಿ ಇದು. ಜೈನ ದೇವರಿಗೂ ವೈಷ್ಣವ ಹೆಸರಿನ ಮಗನಿಗೂ ಒಂದೇ ವಿಜಯವನ್ನು ಹಂಚಿಕೊಟ್ಟ ಅರಸನನ್ನು ಒಂದು ಮತ ಬಿಟ್ಟು ಇನ್ನೊಂದಕ್ಕೆ ಹಾರಿದವನು ಎಂದು ಓದುವುದು ಕಷ್ಟ. ರಾಮಾನುಜರ ಮೇಲೆ ಅವನಿಗೆ ಗೌರವವಿದ್ದಿರಬಹುದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಹೊಸದಾಗಿ ಸ್ವತಂತ್ರನಾಗಲು ಹೊರಟ ಅರಸನಿಗೆ ದಂಡನಾಯಕರೂ ಬೇಕಿತ್ತು, ವರ್ತಕರೂ ಬೇಕಿತ್ತು, ಅಗ್ರಹಾರದ ವಿದ್ವಾಂಸರೂ ಬೇಕಿತ್ತು. ಇವರಲ್ಲಿ ಯಾರನ್ನು ಬಿಟ್ಟರೂ ರಾಜ್ಯ ನಿಲ್ಲುತ್ತಿರಲಿಲ್ಲ.

ಹೊಯ್ಸಳರ ಗುಡಿ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವ ಕಟ್ಟಡಗಳನ್ನು ಕಟ್ಟಿಸಿದವರ ಹೆಸರು ಹುಡುಕಿದರೆ ಅರಸರು ಅಪರೂಪವಾಗುತ್ತ ಹೋಗುತ್ತಾರೆ. ಹಾಸನ ತಾಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ 1113-14ರದು. ಕಟ್ಟಿಸಿದವರು ಕಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಬೇಲೂರಿಗಿಂತ ಮುಂಚಿನ ಗುಡಿ ಅದು ಎಂಬುದನ್ನು ಮರೆಯಬಾರದು. ಹಳೇಬೀಡಿನ ಹೊಯ್ಸಳೇಶ್ವರನ ಹಿಂದೆ ಕೇತಮಲ್ಲನೆಂಬ ಅಧಿಕಾರಿ ಇದ್ದಾನೆ. ಕೋರವಂಗಲದ ಬೂಚೇಶ್ವರವನ್ನು 1173ರಲ್ಲಿ, ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ ಸಂದರ್ಭದಲ್ಲಿ, ಬೂಚಿರಾಜ ಕಟ್ಟಿಸಿದ. ಬೆಳಗೊಳದ ಭಂಡಾರಿ ಬಸದಿ 1159ರಲ್ಲಿ ಭಂಡಾರಿ ಹುಳ್ಳನದು. ದೊರೆ ನರಸಿಂಹ ಅದನ್ನು ನೋಡಲು ಬಂದು ಸವಣೇರು ಎಂಬ ಊರನ್ನು ದತ್ತಿ ಬಿಟ್ಟ. ನಗರ ಜಿನಾಲಯ ನಾಗದೇವನದು; ಆತ ಮಂತ್ರಿಯೂ ಹೌದು, ಪಟ್ಟಣಸ್ವಾಮಿಯೂ ಹೌದು, ಅಂದರೆ ಪೇಟೆಯ ವರ್ತಕರ ಮುಖಂಡ. ಗೊಮ್ಮಟನ ಸುತ್ತಣ ಸಾಲಿನಲ್ಲಿ ಇಪ್ಪತ್ನಾಲ್ಕು ತೀರ್ಥಂಕರರನ್ನು ಮಾಡಿಸಿದವನು ಮೊಸಳೆಯ ದೊಡ್ಡ ವ್ಯಾಪಾರಿ ಬಸವಿಸೆಟ್ಟಿ. ಅದೇ ಮೊಸಳೆಯಲ್ಲಿ ನಾಗೇಶ್ವರ ಮತ್ತು ಚನ್ನಕೇಶವರ ಜೋಡಿ ಗುಡಿಗಳು ಇಂದಿಗೂ ಅಕ್ಕಪಕ್ಕ ನಿಂತಿವೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಅಕ್ಕನ ಬಸದಿ. ವೀರಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವ ಬ್ರಾಹ್ಮಣ. ಅವನ ಹೆಂಡತಿ ಆಚಿಯಕ್ಕ ಜೈನಳು. 1181ರಲ್ಲಿ ಆಕೆ ಬಸದಿ ಕಟ್ಟಿಸಿದಾಗ ಅದಕ್ಕೆ ಬೊಮ್ಮೇನಹಳ್ಳಿಯನ್ನು ಬಿಡಿಸಿಕೊಡುವಂತೆ ಅರಸನನ್ನು ಬೇಡಿದವನು ಈ ಶೈವ ಗಂಡ. ಮತ ಎರಡಾಗಿದ್ದರೂ ಮನೆತನ ಒಂದೇ, ವರ್ಗವೂ ಒಂದೇ. ಊರನ್ನು ಬಿಡಿಸಿಕೊಳ್ಳುವ ಶಕ್ತಿ ಆ ವರ್ಗಕ್ಕಿತ್ತು. ಅದು ಯಾವ ದೇವರಿಗೆ ಸಲ್ಲಬೇಕು ಎಂಬುದು ಮನೆಯೊಳಗಿನ ತೀರ್ಮಾನವಾಗಿತ್ತು.

ಊರು, ಗದ್ದೆ ಎಂದು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನ ಸುಮಾರು 450ರದು, ಕನ್ನಡದ ಮೊದಲ ಬರಹಗಳಲ್ಲಿ ಒಂದು. ಅದು ವಿಷ್ಣುಸ್ತುತಿಯಿಂದ ಆರಂಭವಾಗಿ, ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಊರು ಬಿಟ್ಟುದನ್ನು ಹೇಳಿ, ಗದ್ದೆಯ ಹತ್ತರಲ್ಲೊಂದು ಪಾಲು ಬ್ರಾಹ್ಮಣರಿಗೆ ಎಂಬಲ್ಲಿ ಮುಗಿಯುತ್ತದೆ. ದೇವರು, ಕತ್ತಿ, ಗದ್ದೆ ಮತ್ತು ಹತ್ತನೆಯ ಪಾಲು ಹೀಗೆ ಒಂದೇ ಕಲ್ಲಿನ ಮೇಲೆ ಒಟ್ಟಾಗಿ ಬಂದಿರುವುದು ಆಕಸ್ಮಿಕವಲ್ಲ. ಮುಂದಿನ ಎಂಟು ಶತಮಾನಗಳಲ್ಲಿ ಇದೇ ಏರ್ಪಾಡು ದೊಡ್ಡದಾಗಿ ಬೆಳೆಯಿತು. ಹೇಮಾವತಿ ಮತ್ತು ಕಾವೇರಿಯ ಬಯಲು ಬಿಟ್ಟರೆ ಈ ಸೀಮೆ ಕೆರೆಯನ್ನು ನಂಬಿದ್ದು. ಕಾಡು ಕಡಿದು, ಏರಿ ಕಟ್ಟಿ, ತೂಬು ಇಟ್ಟು, ಬೆದ್ದಲನ್ನು ಗದ್ದೆ ಮಾಡಿದರೆ ಮಾತ್ರ ಅರಸನಿಗೆ ಹುಟ್ಟುವಳಿ. ಆ ಕೆಲಸ ಒಂದು ವರ್ಷದ್ದಲ್ಲ, ಒಂದು ತಲೆಮಾರಿನದೂ ಅಲ್ಲ. ದಂಡನಾಯಕ ಇಂದು ಇಲ್ಲಿ, ನಾಳೆ ದಂಡಯಾತ್ರೆಯಲ್ಲಿ. ಅವನು ಸತ್ತರೆ ಮಗ ಹೇಗೋ ಏನೋ. ದೇವರಿಗೆ ಸಾವಿಲ್ಲ. ಕೆರೆಯ ಕೆಳಗಿನ ಗದ್ದೆಯನ್ನು ದೇವರ ಹೆಸರಿಗೆ ಬರೆದು ಅದನ್ನು ನೋಡಿಕೊಳ್ಳುವ ಸ್ಥಾನಿಕರನ್ನೋ ಮಹಾಜನರನ್ನೋ ನಿಲ್ಲಿಸಿದರೆ, ಲೆಕ್ಕ ಬರೆಯಬಲ್ಲ, ತಲೆತಲಾಂತರ ನಿಲ್ಲಬಲ್ಲ ಒಂದು ಆಡಳಿತ ಆ ಮೂಲೆಯ ಹಳ್ಳಿಗೂ ತಲುಪುತ್ತಿತ್ತು. ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಯನ್ನು ದಂಡನಾಯಕ ಬೊಮ್ಮಣ್ಣ ವಿಜಯಸೋಮನಾಥಪುರವೆಂಬ ಅಗ್ರಹಾರವಾಗಿಸಿ 1246ರಲ್ಲಿ ಲಕ್ಷ್ಮೀನರಸಿಂಹನನ್ನು ನಿಲ್ಲಿಸಿದ್ದು ಭಕ್ತಿಯ ಕೆಲಸ ಹೇಗೋ ಹಾಗೆ ಆಡಳಿತದ ಕೆಲಸವೂ ಹೌದು. ಬೈಚೋಜ, ಮಲ್ಲಿತಮ್ಮರಂಥ ಶಿಲ್ಪಿಗಳಿಗೆ ದುಡಿಮೆ ಸಿಕ್ಕಿದ್ದೂ ಅದರಿಂದಲೇ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ವಿಷ್ಣುವರ್ಧನ ಹುಟ್ಟಿ ಬೆಳೆಯುತ್ತಿದ್ದ ಕಾಲದಲ್ಲೇ, 1098ರಲ್ಲಿ, ಫ್ರಾನ್ಸಿನ ಸಿಟೊ ಎಂಬಲ್ಲಿ ಸಿಸ್ಟರ್ಶಿಯನ್ ಸಂನ್ಯಾಸಿಗಳ ಮಠ ಆರಂಭವಾಯಿತು. ಹನ್ನೆರಡನೇ ಶತಮಾನ ಮುಗಿಯುವುದರೊಳಗೆ ಅವರು ಯುರೋಪಿನ ಕಾಡು, ಜೌಗುಗಳ ಅಂಚಿನಲ್ಲಿ ನೂರಾರು ಮಠಗಳನ್ನು ಹೂಡಿ ನೆಲ ಹಸನು ಮಾಡಿಸಿದರು. ಭೂಮಿ ಕೊಟ್ಟವರು ಸಾಮಂತರು. ಗೆಯ್ದವರು ಹೆಚ್ಚಾಗಿ ಓದು ಬಾರದ ರೈತ ಕುಲದ ಸೋದರರು. ಗರ್ಭಗುಡಿಯ ಹತ್ತಿರ ನಿಂತು ಹಾಡುವ ಹಕ್ಕು ಬೇರೆಯವರದು. ಬಂಗಾಳದ ಉದಾಹರಣೆ ಇನ್ನೂ ಹತ್ತಿರದ್ದು. ಇತಿಹಾಸಕಾರ ರಿಚರ್ಡ್ ಈಟನ್ 1993ರ ತಮ್ಮ ಗ್ರಂಥದಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು: ಕತ್ತಿಯಿಂದ ಇಸ್ಲಾಂ ಹರಡಿದ್ದರೆ ಸುಲ್ತಾನರ ಕೇಂದ್ರವಾದ ದೆಹಲಿ, ಆಗ್ರಾ ಸುತ್ತ ಮುಸ್ಲಿಮರು ಬಹುಸಂಖ್ಯಾತರಾಗಬೇಕಿತ್ತು, ದೂರದ ಪೂರ್ವ ಬಂಗಾಳದ ರೈತರು ಏಕೆ ಆದರು? ಅವರ ಉತ್ತರ ನಮ್ಮ ಶಾಸನ ಓದಿದವರಿಗೆ ಕೂಡಲೇ ಅರ್ಥವಾಗುತ್ತದೆ. ಮೊಗಲರ ಕಾಲದಲ್ಲಿ ಕಾಡು ಕಡಿಸಿ ಭತ್ತದ ಸಾಗುವಳಿ ಹೂಡಲು ಮುಂದಾದವರಿಗೆ ತೆರಿಗೆಯಿಲ್ಲದ ನೆಲ ಸಿಗುತ್ತಿತ್ತು. ಹಾಗೆ ಮುಂದಾದ ಪೀರರು ಆ ನೆಲದ ನಡುವೆ ಮಸೀದಿ ಕಟ್ಟುತ್ತಿದ್ದರು. ಗದ್ದೆಗೆ ಬಂದು ನೆಲೆಸಿದ ಜನ ಎರಡು ಮೂರು ತಲೆಮಾರಿನಲ್ಲಿ ಆ ಮಸೀದಿಯವರಾದರು. ಅಗ್ರಹಾರದ ಜಾಗದಲ್ಲಿ ಮಸೀದಿ ಇಟ್ಟರೆ ವಿಧಾನ ಒಂದೇ.

ಇಲ್ಲಿಗೆ ಬಂದಾಗ ಒಬ್ಬ ಗಂಭೀರ ಓದುಗ ತಡೆಯಬಹುದು. ಎಲ್ಲವನ್ನೂ ಗದ್ದೆಗೂ ತೆರಿಗೆಗೂ ಇಳಿಸಿದರೆ ಭಕ್ತಿಗೆ ಜಾಗವೆಲ್ಲಿ? ಆ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶ್ರವಣಬೆಳಗೊಳದ ಐನೂರಕ್ಕೂ ಹೆಚ್ಚು ಶಾಸನಗಳಲ್ಲಿ ತೀರ ಹಳೆಯವು ದತ್ತಿಯ ಶಾಸನಗಳೇ ಅಲ್ಲ. ಸುಮಾರು 600ರಿಂದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕೊರೆದಿರುವುದು ಅನ್ನ ನೀರು ಬಿಟ್ಟು ಸಮಾಧಾನದಿಂದ ಪ್ರಾಣ ಬಿಟ್ಟ ಮುನಿಗಳ, ಕಂತಿಯರ ನೆನಪು. ಅವರಿಗೆ ಗದ್ದೆಯ ಆಸೆ ಇರಲಿಲ್ಲ. ದೇಹದ ಆಸೆಯನ್ನೇ ಬಿಟ್ಟವರು ಅವರು. ಶಾಂತಲೆಯ ತಾಯಿ ಮಾಚಿಕಬ್ಬೆ, ರಾಣಿಯ ತಾಯಾಗಿದ್ದೂ, ಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ದೇಹ ಬಿಟ್ಟಳು. ಇದನ್ನು ವರ್ಗಹಿತ ಎಂದು ವಿವರಿಸಲು ಹೊರಡುವುದು ಆ ಸಾವಿಗೆ ಮಾಡುವ ಅವಮಾನ. ನನ್ನ ವಾದ ಇಷ್ಟೇ: ನಂಬಿಕೆ ಹುಟ್ಟುವ ಬಗೆ ಬೇರೆ, ಸಂಸ್ಥೆ ಹಬ್ಬುವ ಬಗೆ ಬೇರೆ. ಚಿಕ್ಕಬೆಟ್ಟದ ತಪಸ್ಸು ಮುನ್ನೂರು ನಾನೂರು ವರ್ಷ ಬರಿಯ ಬಂಡೆಯ ಮೇಲೆ ನಡೆಯಿತು. ಆ ಊರು ನಾಡಿಗೆಲ್ಲ ತೀರ್ಥವಾದದ್ದು ಗಂಗರ ಮಂತ್ರಿ ಚಾವುಂಡರಾಯ 980ರ ದಶಕದ ಹೊತ್ತಿಗೆ ಎದುರಿನ ದೊಡ್ಡಬೆಟ್ಟದಲ್ಲಿ 58 ಅಡಿಯ ಗೊಮ್ಮಟನನ್ನು ಕಡೆಯಿಸಿದ ಮೇಲೆ. ಸಂಪತ್ತು ತಪಸ್ಸನ್ನು ಹುಟ್ಟಿಸಲಿಲ್ಲ, ತಪಸ್ಸಿನ ಹೆಸರನ್ನು ದೂರಕ್ಕೆ ಒಯ್ದಿತು. ಈ ವ್ಯತ್ಯಾಸ ಭಕ್ತರಿಗೂ ಗೊತ್ತಿತ್ತು ಎಂಬುದಕ್ಕೆ ಗುಳ್ಳಕಾಯಜ್ಜಿಯ ಕಥೆಯೇ ಸಾಕ್ಷಿ. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಗೊಮ್ಮಟನ ತೊಡೆಯಿಂದ ಕೆಳಗೆ ಇಳಿಯದ ಅಭಿಷೇಕ, ಒಬ್ಬ ಬಡ ಮುದುಕಿ ಗುಳ್ಳಕಾಯಿಯಷ್ಟು ಪಾತ್ರೆಯಲ್ಲಿ ತಂದ ಹಾಲಿನಿಂದ ಪಾದ ಮುಟ್ಟಿತಂತೆ. ಆ ಅಜ್ಜಿಯ ವಿಗ್ರಹ ಇಂದಿಗೂ ಗೊಮ್ಮಟನ ಎದುರಿಗಿದೆ. ಕಟ್ಟಿಸಿದ ಮಂತ್ರಿಯ ಹೆಸರನ್ನು ಕಲ್ಲಿನಲ್ಲಿ ಉಳಿಸಿಕೊಂಡ ಪರಂಪರೆಯೇ, ಹುಟ್ಟುವಳಿಯ ಹಂಚಿಕೆಯಲ್ಲಿ ಪಾಲೇ ಇಲ್ಲದ ಒಬ್ಬಳನ್ನು ಅವನಿಗಿಂತ ಮೇಲೆ ಕೂರಿಸಿತು. ಆದರೂ ಕಥೆಯಲ್ಲಿ ದೊಡ್ಡವಳಾದ ಅಜ್ಜಿಗೆ ಯಾವ ದತ್ತಿಯ ಶಾಸನದಲ್ಲೂ ಹೆಸರಿಲ್ಲ.

ಜೈನ ಮತದ ಇಳಿಗಾಲದ ಪ್ರಶ್ನೆ ಇದಕ್ಕಿಂತ ಜಟಿಲ. ವಿಷ್ಣುವರ್ಧನನ ಮತಾಂತರವೇ ಅದಕ್ಕೆ ಕಾರಣವಾಗಿದ್ದರೆ ಭಂಡಾರಿ ಬಸದಿ, ಅಕ್ಕನ ಬಸದಿ, ನಗರ ಜಿನಾಲಯಗಳೆಲ್ಲ ಅವನ ಮಗ, ಮೊಮ್ಮಕ್ಕಳ ಕಾಲದಲ್ಲಿ ಏಳುತ್ತಿರಲಿಲ್ಲ. ನಿಜವಾದ ತಿರುವನ್ನು ಓದಬೇಕಾದ ಜಾಗ ಭಂಡಾರಿ ಬಸದಿಯ ಬಳಿಯಿರುವ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಊರುಗಳ ಜೈನರು ವಿಜಯನಗರದ ಅರಸನಿಗೆ ಮೊರೆಯಿಟ್ಟರು. ಬುಕ್ಕರಾಯ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕೂಡಿಸಿ, ಜೈನರ ಕೈಯನ್ನು ಅವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಮೊದಲಿನಂತೆ ಸಲ್ಲಬೇಕು ಎಂದು ಕಟ್ಟು ಮಾಡಿದ. ಈ ಭಾಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಉಲ್ಲೇಖಿಸಬೇಕು ಕೂಡ. ಜಗತ್ತಿನ ಎಷ್ಟೋ ಸಾಮ್ರಾಜ್ಯಗಳು ಆ ಶತಮಾನದಲ್ಲಿ ಇಷ್ಟು ಉದಾರವಾಗಿರಲಿಲ್ಲ. ಅದರ ಮುಂದಿನ ಸಾಲುಗಳಿಗೆ ಮಾತ್ರ ನಾವು ಸಾಕಷ್ಟು ಗಮನ ಕೊಟ್ಟಿಲ್ಲ. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದೊಂದು ಹಣ ಎತ್ತಿ, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಟ್ಟು, ಉಳಿದದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಕೆಲಸ ತಿರುಮಲೆಯ ತಾತಯ್ಯನದು, ಅಂದರೆ ಒಬ್ಬ ಶ್ರೀವೈಷ್ಣವನದು. ಗಂಗರಾಜ ಇಡೀ ಊರನ್ನು ಬಿಡಿಸಿಕೊಡುತ್ತಿದ್ದ. ಇನ್ನೂರೈವತ್ತು ವರ್ಷಗಳ ಮೇಲೆ ಅದೇ ಕ್ಷೇತ್ರ ಮನೆಗೊಂದು ಹಣದ ವಂತಿಗೆಯ ಮೇಲೆ, ಅದೂ ಬೇರೆಯವರ ಮೇಲ್ವಿಚಾರಣೆಯಲ್ಲಿ, ನಿಂತಿದೆ. ನಡುವೆ ನಡೆದದ್ದು 1311ರ ಮಲಿಕ್ ಕಾಫರನ ದಾಳಿ, ಹೊಯ್ಸಳರ ಪತನ, ಮತ್ತು ಅದರೊಂದಿಗೆ ಜೈನ ದಂಡನಾಯಕರ, ಭಂಡಾರಿಗಳ, ಹೆಗ್ಗಡೆಗಳ ವರ್ಗ ಬಹುಮಟ್ಟಿಗೆ ಕುಗ್ಗಿದ್ದು. ನೆಲ ಹಂಚುವವರಾಗಿದ್ದ ಜೈನರು ಈಗ ರಕ್ಷಣೆ ಬೇಡುವ ಸಮುದಾಯವಾಗಿದ್ದರು. ಅವರಲ್ಲಿ ವರ್ತಕರು ಉಳಿದರು, ನೆಲದ ಒಡೆತನ ಉಳಿಯಲಿಲ್ಲ. 1634ರ ಇನ್ನೊಂದು ಶಾಸನದ ಹೊತ್ತಿಗೆ ಬೆಳಗೊಳದ ದೇವರ ನೆಲ ಸಾಲಕ್ಕೆ ಅಡವಾಗಿತ್ತು. ಮೈಸೂರಿನ ಚಾಮರಾಜ ಒಡೆಯರು ಮಧ್ಯೆ ಬಂದು ಸಾಲ ಕೊಟ್ಟವರಿಂದ ಅದನ್ನು ಬಿಡಿಸಿಕೊಟ್ಟರು.

ಹಾಗಾದರೆ ಬಲಪ್ರಯೋಗ ನಡೆಯಲೇ ಇಲ್ಲವೇ ಎಂದು ಕೇಳಬಹುದು. ನಡೆಯಿತು. ಹಾವೇರಿ ಸೀಮೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯ ಜೈನರ ವಿರುದ್ಧ ಗೆದ್ದು ಬಸದಿಯನ್ನು ಕೆಡವಿದ್ದನ್ನು ಹೆಮ್ಮೆಯಿಂದ ಹೇಳುತ್ತದೆ. ಕಾಫರನ ಸೈನ್ಯ ದೋರಸಮುದ್ರವನ್ನು ಸೂರೆ ಮಾಡಿತು. 1368ರ ರಾಜಿಯೇ ಜಗಳಕ್ಕೆ ಸಾಕ್ಷಿ. ಆದರೆ ಬಲ ಇದ್ದದ್ದನ್ನು ಕೆಡವಬಲ್ಲದು. ಕೆಡವಿದ ಜಾಗದಲ್ಲಿ ಮತವೊಂದು ನೆಲೆಯಾಗಿ ಉಳಿಯಬೇಕಾದರೆ ಅದಕ್ಕೆ ವರ್ಷವರ್ಷವೂ ದೀಪದ ಎಣ್ಣೆ, ನೈವೇದ್ಯದ ಅಕ್ಕಿ, ಓದಿಸುವವರ ಕೂಳು ಬೇಕು. ಕಾಫರ್ ಬಂದು ಹೋದ, ಹಾಸನ ಸೀಮೆ ಅವನ ಮತಕ್ಕೆ ಸೇರಲಿಲ್ಲ. ರೋಮಿನಲ್ಲೂ ಅಷ್ಟೇ: 313ರಲ್ಲಿ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಮುಕ್ತ ಆಚರಣೆಗೆ ಒಪ್ಪಿಗೆ ಕೊಡುವ ಮುಂಚೆಯೇ ಪಟ್ಟಣಗಳ ಕಸುಬುದಾರರಲ್ಲಿ, ವರ್ತಕರಲ್ಲಿ, ಸಿರಿವಂತ ಮನೆಗಳ ಹೆಂಗಸರಲ್ಲಿ ಆ ಮತ ಬೇರೂರಿತ್ತು, 380ರಲ್ಲಿ ಥಿಯೊಡೋಸಿಯಸ್ ಅದನ್ನು ರಾಜಮತ ಮಾಡಿದ ಮೇಲೂ ಹಳ್ಳಿಗಳು ಬಹುಕಾಲ ಒಲಿಯಲಿಲ್ಲ. ಕ್ರೈಸ್ತರಲ್ಲದವರಿಗೆ ಲ್ಯಾಟಿನಿನಲ್ಲಿ ಬಂದ ‘ಪಗಾನುಸ್’ ಎಂಬ ಹೆಸರಿನ ಮೂಲ ಅರ್ಥವೇ ಹಳ್ಳಿಗ. ಅರಸನ ಬೆಂಬಲವಿಲ್ಲದೆ, ಕೊನೆಗೆ ಅವನ ವಿರೋಧವನ್ನೂ ಎದುರಿಸಿ ಹಬ್ಬಿದ ಶರಣರ ಚಳವಳಿಯನ್ನು ನನ್ನ ವಾದಕ್ಕೆ ಎದುರಾಗಿ ಇಡುವವರಿದ್ದಾರೆ. ಅದು ವಾದವನ್ನು ಬಲಪಡಿಸುತ್ತದೆ ಎಂದೇ ನಾನು ತಿಳಿಯುತ್ತೇನೆ. ನೇಯುವವರು, ಅಂಬಿಗರು, ಮಡಿವಾಳರು, ಗಾಣಿಗರು, ಅಂಗಡಿಕಾರರು ತಮ್ಮ ಕಾಯಕದ ಗಳಿಕೆಯಿಂದಲೇ ದಾಸೋಹ ನಡೆಸಿದ ಮತ ಅದು. ದತ್ತಿಯ ಗದ್ದೆಯನ್ನು ನೆಚ್ಚದೆ ಮತ ಹಬ್ಬಬಲ್ಲದು ಎಂದು ಅವರು ತೋರಿಸಿದರು. ಹೊರುವ ವರ್ಗವೇ ಇಲ್ಲದೆ ಹಬ್ಬಬಲ್ಲದು ಎಂದಲ್ಲ.

ವಿಜಯನಗರದ ನಂತರ ಈ ನಾಲ್ಕು ತಾಲೂಕುಗಳಲ್ಲಿ ನೆಲ ಪಾಳೆಯಗಾರರ ಕೈಗೆ ಬಂತು. ಅರಕಲಗೂಡನ್ನು 1568ರ ಸುಮಾರಿಗೆ ಕಟ್ಟಿದವನು ಐಗೂರು ಮನೆತನದ ಕೃಷ್ಣಪ್ಪ ನಾಯಕ. ಚನ್ನರಾಯಪಟ್ಟಣದ ಹೆಸರಿನ ಕಥೆಯಂತೂ ನನ್ನ ವಾದವನ್ನು ಒಂದೇ ಊರಿನಲ್ಲಿ ಹಿಡಿದಿಟ್ಟಿದೆ. ಅದರ ಹಳೆಯ ಹೆಸರು ಕೊಳತೂರು, ಅದೊಂದು ಅಗ್ರಹಾರ. 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಅದನ್ನು ಅಲ್ಲಿನ ಹೆಬ್ಬಾರನಿಂದ ತೆಗೆದುಕೊಂಡು ತನ್ನ ಮಗನಿಗೆ ಜಹಗೀರು ಕೊಟ್ಟ. ಹರಕೆ ಹೊತ್ತು ಪಡೆದ ಆ ಮಗನಿಗೆ ಚನ್ನರಾಯ ಎಂಬ ದೇವರ ಹೆಸರು. ದೇವರಿಗೆ ಅಲ್ಲೊಂದು ಗುಡಿ. ಊರಿಗೂ ಅದೇ ಹೆಸರು. ಬ್ರಾಹ್ಮಣರ ಕೈಯಿಂದ ನಾಯಕರ ಕೈಗೆ ನೆಲ ದಾಟಿದರೂ ವಿಷ್ಣು ಊರು ಬಿಟ್ಟು ಹೋಗಲಿಲ್ಲ. ಹೊಸ ಒಡೆಯನ ಮನೆಯ ಹೆಸರನ್ನು ಹೊತ್ತು ಉಳಿದ. ಹೊಸದಾಗಿ ಮೇಲೆದ್ದ ದಂಡಿನ ವರ್ಗಕ್ಕೆ ತನ್ನ ಹುಟ್ಟನ್ನು ದೇವರ ವರ ಎಂದು ತೋರಿಸಿಕೊಳ್ಳುವ ಅಗತ್ಯವಿತ್ತು, ದೇವರಿಗೆ ಆ ವರ್ಗದ ಆಸರೆ ಬೇಕಿತ್ತು.

ಈ ಎಲ್ಲ ಕೊಡುಕೊಳೆಯಲ್ಲಿ ಯಾರ ಹೆಸರೂ ಬಾರದ ಒಂದು ವರ್ಗವಿದೆ. ದತ್ತಿ ಶಾಸನ ಓದಿದವರಿಗೆ ಗೊತ್ತು, ಅದರಲ್ಲಿ ಬಹಳ ಉದ್ದದ ಭಾಗ ಗಡಿಯದು: ಮೂಡಲು ಹುಣಿಸೆಮರ, ತೆಂಕಲು ಕೆರೆಯ ಕೋಡಿ, ಪಡುವಲು ನಟ್ಟ ಕಲ್ಲು. ಈ ಗಡಿಗಳನ್ನು ಬಲ್ಲವರು ಯಾರು? 1870ರ ದಶಕದಲ್ಲಿ ಮೈಸೂರು ಕಮಿಷನ್ನಿನ ಅಧಿಕಾರಿ ಮೆಕೆಂಜಿ ಬರೆದಿಟ್ಟ ವಿವರದ ಪ್ರಕಾರ ಊರಿನ ಗಡಿ ವ್ಯಾಜ್ಯ ಬಂದರೆ ತಲೆಯ ಮೇಲೆ ಊರ ಮಣ್ಣಿನ ಉಂಡೆ ಹೊತ್ತು ಗಡಿಯ ಉದ್ದಕ್ಕೂ ನಡೆದು ತೋರಿಸುವವನು ಹೊಲಗೇರಿಯ ಕುಳವಾಡಿ. ಅವನು ನಡೆದದ್ದೇ ಗಡಿ. ಮಣ್ಣಿನ ನೆನಪು ಯಾರ ತಲೆಯ ಮೇಲಿತ್ತೋ ಅವರಿಗೆ ಆ ಮಣ್ಣಿನ ಹುಟ್ಟುವಳಿಯಲ್ಲಿ ಕೂಲಿಯ ಹೊರತು ಪಾಲಿರಲಿಲ್ಲ. ಆ ಹುಟ್ಟುವಳಿಯಿಂದ ಎದ್ದ ಗುಡಿಯ ಒಳಗೆ ಕಾಲಿಡುವ ಹಕ್ಕೂ ಇರಲಿಲ್ಲ. ರಾಮಾನುಜರು ಮೇಲುಕೋಟೆಯಲ್ಲಿ ಅವರನ್ನು ತಿರುಕುಲದವರೆಂದು ಕರೆದು ವರ್ಷಕ್ಕೆ ಮೂರು ದಿನ ಗುಡಿಯ ಪ್ರವೇಶ ಕೊಡಿಸಿದರು ಎಂಬ ಪರಂಪರೆ ಇದೆ. ಬೇಲೂರಿನಲ್ಲೂ ಅಂಥ ಪದ್ಧತಿ ಇತ್ತು. ಆಚಾರ್ಯರ ಮನಸ್ಸು ದೊಡ್ಡದೇ. ಆ ಮೂರು ದಿನ ಮುನ್ನೂರ ಅರವತ್ತೈದಾಗದೆ ಉಳಿದದ್ದಕ್ಕೆ ಅವರ ಸಿದ್ಧಾಂತ ಕಾರಣವಲ್ಲ. ಗುಡಿಯನ್ನು ನಡೆಸುತ್ತಿದ್ದ ದತ್ತಿಯ ಗದ್ದೆ ಯಾರ ಮೇಲ್ವಿಚಾರಣೆಯಲ್ಲಿತ್ತೋ ಅವರಿಗೆ ಅದೇ ಗದ್ದೆಯಲ್ಲಿ ಗೆಯ್ಯಲು ಈ ಜನವೇ ಬೇಕಿತ್ತು, ಅದೂ ಕೈಗೆಟುಕುವಷ್ಟು ಹತ್ತಿರದಲ್ಲಿ ಮತ್ತು ಸಮಾನರಲ್ಲದಷ್ಟು ದೂರದಲ್ಲಿ. ಸಿದ್ಧಾಂತ ದಾಟಿದ ಹೊಸಿಲನ್ನು ಸಂಸ್ಥೆ ದಾಟಲಿಲ್ಲ. ಈ ಮಾತು ಜೈನ, ಶೈವ, ವೈಷ್ಣವ ಮೂರಕ್ಕೂ ಸಮನಾಗಿ ಸಲ್ಲುತ್ತದೆ.

ಕ್ರೈಸ್ತ ಮತ ಈ ಸೀಮೆಗೆ ಬಂದಾಗಲೂ ನೆಲದ ದಾರಿಯನ್ನೇ ಹಿಡಿಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ, 1799ರಲ್ಲಿ, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು ಹಾಸನದ ಹತ್ತಿರ ಸಾತಹಳ್ಳಿಯ ಕಡೆ ಬೇಸಾಯದ ನೆಲೆ ಹೂಡಿದ್ದು. ಹೊಸ ಒಡೆಯರಾದ ಕಂಪನಿಯವರು ಅವನದೇ ಧರ್ಮದವರಾಗಿದ್ದರೂ ಮತ ಬದಲಾವಣೆಯಲ್ಲಿ ತನಗೆ ಹೆಚ್ಚಿನ ಫಲ ಸಿಗಲಿಲ್ಲ ಎಂದು ದುಬಾಯ್ 1823ರಲ್ಲಿ ಊರಿಗೆ ಮರಳಿದ ಮೇಲೆ ನಿರಾಸೆಯಿಂದ ಹೇಳಿಕೊಂಡ. ಊರುಗಳನ್ನು ಬಿಡಿಸಿಕೊಡಬಲ್ಲ ಕ್ರೈಸ್ತ ವರ್ಗವೊಂದು ಇಲ್ಲಿ ಹುಟ್ಟಲಿಲ್ಲ. ಮತ ಆ ಕೆಲವು ಹಳ್ಳಿಗಳ ಆಚೆ ದಾಟಲಿಲ್ಲ. ಆಮೇಲೆ ಫ್ರೆಂಚ್ ಪಾದ್ರಿಗಳು ಹತ್ತಿರದ ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಇಗರ್ಜಿಯನ್ನು ಗೊರೂರಿನ ಹೇಮಾವತಿ ಜಲಾಶಯದ ನೀರು ವರ್ಷವರ್ಷವೂ ಸುತ್ತುವರಿಯುತ್ತದೆ. ಹೊಸ ಕಾಲದ ಸರ್ಕಾರಕ್ಕೂ ಹೊಯ್ಸಳರ ಹಾಗೆ ಬೆದ್ದಲನ್ನು ಗದ್ದೆ ಮಾಡಬೇಕಿತ್ತು. ಈ ಸಲ ಏರಿ ದೊಡ್ಡದು, ಅದರ ನೀರಿನಲ್ಲಿ ಊರುಗಳೇ ಮುಳುಗಿದವು.

ನನ್ನ ವಾದಕ್ಕೆ ಎಲ್ಲಕ್ಕಿಂತ ಕಠಿಣ ಪರೀಕ್ಷೆ ನಮ್ಮ ಕಾಲದಲ್ಲೇ ನಡೆಯಿತು. 1954 ಮತ್ತು 1955ರ ಕಾಯ್ದೆಗಳು ಮೈಸೂರು ರಾಜ್ಯದಲ್ಲಿ ವೈಯಕ್ತಿಕ ಮತ್ತು ಧಾರ್ಮಿಕ ಇನಾಂಗಳನ್ನು ರದ್ದು ಮಾಡಿದವು. ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿಸಿತು. ಹಲ್ಮಿಡಿಯ ಕಾಲದಿಂದ ನಡೆದು ಬಂದ ದೇವರ ಪಾಲು, ಅಗ್ರಹಾರದ ಪಾಲು ಒಂದು ತಲೆಮಾರಿನಲ್ಲಿ ಮುಗಿಯಿತು. ಮತ ನೆಲದ ಜೊತೆ ಹೋಗುವುದಾದರೆ ಗುಡಿಗಳು ಪಾಳು ಬೀಳಬೇಕಿತ್ತಲ್ಲ ಎಂದು ಕೇಳಬಹುದು. ಎಷ್ಟೋ ಅಗ್ರಹಾರಗಳು ಬರಿದಾದವು, ಸರ್ಕಾರದ ತಸ್ತೀಕಿನಲ್ಲಿ ಒಂದು ಹೊತ್ತಿನ ದೀಪ ಹಚ್ಚುವ ಹಳೆಯ ಗುಡಿಗಳು ಹಲವು. ಅದೇ ಹೊತ್ತಿಗೆ ಹೊಸದಾಗಿ ಜಮೀನು ಕೈಗೆ ಬಂದ ರೈತ ಮನೆತನಗಳ ಊರುಗಳಲ್ಲಿ ಊರಮ್ಮನ, ಬಸವಣ್ಣನ, ಕುಲದೇವರ ಗುಡಿಗಳು ಹೆಂಚು ಇಳಿಸಿ ಕಾಂಕ್ರೀಟಿನ ಗೋಪುರ ಏರಿಸಿಕೊಂಡವು. ಹೋಮ, ಕುಂಭಾಭಿಷೇಕಗಳನ್ನು ಪಡೆದವು. ವರ್ಗ ಬದಲಾಯಿತು, ದೇವರು ಅದರ ಜೊತೆ ಬಂದ.

ಜೊತೆಯಲ್ಲಿ ಆ ಹಳೆಯ ಹೊಸಿಲೂ ಬಂತು. ಗೇಣಿದಾರನಾಗಿ ದಾಖಲೆಯಲ್ಲಿ ಹೆಸರಿಲ್ಲದ ಕೂಲಿಗೆ 1974ರ ಕಾಯ್ದೆ ನೆಲ ಕೊಡಲಿಲ್ಲ; ಹೊಲಗೇರಿಯ ಬಹುಪಾಲು ಜನ ಹಾಗೆ ಹೆಸರಿಲ್ಲದ ಕೂಲಿಗಳೇ ಆಗಿದ್ದರು. 2015ರಲ್ಲಿ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯ ಬಸವೇಶ್ವರ ಗುಡಿಗೆ ದಲಿತ ಹೆಂಗಸರು ಹೋದದ್ದಕ್ಕೆ ಅವರ ಮೇಲೆ ದಂಡ ಹೇರಿದ ಸುದ್ದಿ ಬಂತು. ಕಾಯಕದವರ ದೇವರ ಹೆಸರಿನ ಗುಡಿ ಅದು. 2021ರಲ್ಲಿ ಚನ್ನರಾಯಪಟ್ಟಣ ತಾಲೂಕಿನ ದಿಂಡಗೂರಿನಲ್ಲಿ ತಹಶೀಲ್ದಾರರು, ಪೊಲೀಸರು ಎದುರಿಗಿದ್ದು ದಲಿತರು ಊರ ಗುಡಿಗಳನ್ನು ಪ್ರವೇಶಿಸಿದರು. ಗುಡಿಯ ಬಾಗಿಲು ಆ ದಿನ ತೆರೆಯಿತು. ಊರ ಕೆರೆಯ ಕೆಳಗಿನ ಗದ್ದೆಯ ಪಹಣಿಯಲ್ಲಿ ಹೆಸರುಗಳು ಹಿಂದಿನ ದಿನ ಹೇಗಿದ್ದವೋ ಹಾಗೇ ಇದ್ದವು.